ಎರಡನೇ ಸಾಲಿನ ಕೊನೆಯ ಮುಖ

(ಛಾಯಾಗ್ರಹಣದ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಕುಟುಂಬದ ಫೋಟೊ ತೆಗೆಯುವವನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂಬುದು ನನಗೆ ಕೊಟ್ಟಿರುವ ವಿಷಯ. ಕಾಡಿನ ಫೋಟೊ ತೆಗೆಯುವವರಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಕಾಡು ಅಲ್ಲೇ ಇದೆ, ಹುಲಿ ಅಲ್ಲೇ ಇದೆ, ಇನ್ನೇನು ಬೇಕು? ನಮ್ಮ ನಾಡಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರಂಥವರು ವನ್ಯಜೀವಿ ಛಾಯಾಗ್ರಹಣಕ್ಕೆ ಎಂಥ ಎತ್ತರ ತಂದುಕೊಟ್ಟರು ಎಂಬುದು ನಿಮಗೆಲ್ಲ ಗೊತ್ತು. ಅವರ ಪ್ರಿಂಟುಗಳ ಮುಂದೆ ನಾನು ಈಗಲೂ ಸುಮ್ಮನೆ ನಿಂತುಬಿಡುತ್ತೇನೆ. ಆದರೆ ಸ್ಟುಡಿಯೊದವನ ಮಾತು ಬಂದಾಗ ಜನರ ದನಿ ಬದಲಾಗುತ್ತದೆ. ಪಾಸ್‌ಪೋರ್ಟ್ ಸೈಜ್ ತೆಗೆಯುವವನು, ಮದುವೆಗೆ ಬರುವವನು, ಅಷ್ಟೇ. ಅವನಿಗೂ ಒಂದು ಕಲೆಯ ಬದುಕು ಇರಬಹುದು ಎಂದು ಯಾರೂ ಅಂದುಕೊಳ್ಳುವುದಿಲ್ಲ.

ನಮ್ಮಪ್ಪ ತಿಪಟೂರಿನಲ್ಲಿ ಸ್ಟುಡಿಯೊ ಇಟ್ಟಿದ್ದರು. ಅದೇ ಬಾಗಿಲನ್ನು ನಾನು ಈಗಲೂ ದಿನಾ ಬೆಳಿಗ್ಗೆ ತೆಗೆಯುತ್ತೇನೆ. ಇಷ್ಟು ವರ್ಷದ ಮೇಲೆ ನನಗೆ ತಿಳಿದ ಉತ್ತರ ಇದು: ನಮ್ಮ ಮುಂದೆ ಬಂದು ನಿಲ್ಲುವವರಿಗೆ ತಾವು ಹೇಗೆ ಕಾಣಬೇಕು ಎಂಬ ಆಸೆ ಇರುತ್ತದಲ್ಲ, ಆ ಆಸೆಯೇ ನಮ್ಮ ಸ್ಫೂರ್ತಿ. ಅದನ್ನು ಎಷ್ಟು ಗೌರವದಿಂದ ತೆಗೆದುಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ಕಲೆ ಇದೆ.

ಮೊಗ್ಗಿನ ಜಡೆಯ ಫೋಟೊದಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ತಾಯಂದಿರಲ್ಲಿ ಅನೇಕರ ಮನೆಯಲ್ಲಿ ಅಂಥದೊಂದು ಫೋಟೊ ಇದ್ದೇ ಇರುತ್ತದೆ. ಬೇಸಿಗೆ ರಜೆ, ಮಲ್ಲಿಗೆ ಸುಗ್ಗಿ. ಮಧ್ಯಾಹ್ನವೆಲ್ಲ ಕೂತು ಅಜ್ಜಿಯೋ ಅತ್ತೆಯೋ ಮೊಗ್ಗುಗಳನ್ನು ಒಂದೊಂದಾಗಿ ಜಡೆಗೆ ಹೊಲಿದಿರುತ್ತಾರೆ. ಮಗುವಿಗೆ ಕತ್ತು ಎತ್ತಲೂ ಆಗದಷ್ಟು ಭಾರ. ಮೊಗ್ಗು ಅರಳುವ ಮೊದಲೇ ಸ್ಟುಡಿಯೊಗೆ ಓಡಿಬರಬೇಕು, ಅರಳಿದರೆ ಜಡೆಯ ಅಚ್ಚುಕಟ್ಟೇ ಹೋಯಿತು. ಈಗ ಫೋಟೊದವನ ಕಷ್ಟ ನೋಡಿ. ಜಡೆ ಇರುವುದು ಬೆನ್ನಿಗೆ, ಮುಖ ಇರುವುದು ಮುಂದಕ್ಕೆ. ಒಂದೇ ಚಿತ್ರದಲ್ಲಿ ಎರಡೂ ಬೇಕು. ಇದಕ್ಕೆ ನಮ್ಮ ಸ್ಟುಡಿಯೊಗಳವರು ಕಂಡುಕೊಂಡ ಉಪಾಯ ಕನ್ನಡಿ. ಮಗುವನ್ನು ಆಳೆತ್ತರದ ಕನ್ನಡಿಯ ಪಕ್ಕ ಓರೆಯಾಗಿ ನಿಲ್ಲಿಸಿದರೆ ಮುಖ ನಮ್ಮ ಕಡೆಗೆ, ಜಡೆ ಕನ್ನಡಿಯೊಳಗೆ.

ಕೇಳಲು ಸುಲಭ. ತೆಗೆದವರಿಗೆ ಗೊತ್ತು ಅದರ ಕಷ್ಟ. ಮೊದಲನೆಯದು, ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದು, ಫೋಟೊದವನೂ ಕಾಣಬಾರದು, ಮೂಲೆಯಲ್ಲಿ ಬೊಂಬೆ ಅಲ್ಲಾಡಿಸುತ್ತಾ ನಿಂತ ಸೋದರಮಾವನೂ ಕಾಣಬಾರದು. ಎರಡನೆಯದು ಫೋಕಸ್. ಕನ್ನಡಿಯೊಳಗಿನ ಜಡೆ ಕನ್ನಡಿಯ ಗಾಜಿನ ಮೇಲೆ ಇಲ್ಲ. ಕ್ಯಾಮೆರಾದಿಂದ ಕನ್ನಡಿಗೆ ಎಷ್ಟು ದೂರವೋ ಅದಕ್ಕೆ ಕನ್ನಡಿಯಿಂದ ಮಗುವಿನ ಬೆನ್ನಿಗೆ ಇರುವ ದೂರವನ್ನೂ ಸೇರಿಸಬೇಕು, ಅಷ್ಟು ಹಿಂದೆ ಇದೆ ಆ ಜಡೆ. ಮುಖಕ್ಕೆ ಫೋಕಸ್ ಇಟ್ಟರೆ ಜಡೆ ಮಸುಕು, ಜಡೆಗೆ ಇಟ್ಟರೆ ಮುಖ ಮಸುಕು. ಎರಡೂ ಚುರುಕಾಗಿ ಬರಬೇಕಾದರೆ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಬೇಕು. ಕಿಂಡಿ ಚಿಕ್ಕದಾದರೆ ಬೆಳಕು ಸಾಲದು, ಆಗ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಆ ಪುಟ್ಟ ಹುಡುಗಿ ಭಾರದ ಜಡೆ, ಜರಿ ಲಂಗ, ಕುತ್ತಿಗೆ ತುಂಬ ಒಡವೆ ಹೊತ್ತು ಅಲುಗಾಡದೆ ನಿಲ್ಲಬೇಕು.

ಈ ಫೋಟೊವನ್ನು ಯಾರೂ ಪ್ರದರ್ಶನಕ್ಕೆ ಕಳಿಸಲಿಲ್ಲ, ಯಾವ ತೀರ್ಪುಗಾರರೂ ಇದಕ್ಕೆ ಪದಕ ಕೊಡಲಿಲ್ಲ. ಆದರೆ ನೀವೇ ಯೋಚನೆ ಮಾಡಿ. ಒಂದೇ ಚೌಕಟ್ಟಿನಲ್ಲಿ ಮುಂದೆ ಒಬ್ಬ ಹುಡುಗಿ, ಕನ್ನಡಿಯಲ್ಲಿ ಅವಳಿಗೇ ಕಾಣದ ಅವಳ ಬೆನ್ನು. ದೊಡ್ಡ ದೊಡ್ಡ ಚಿತ್ರಕಾರರು ಕನ್ನಡಿ ಇಟ್ಟು ಸಾಧಿಸಲು ಹೊರಟಿದ್ದನ್ನೇ ನಮ್ಮ ತಾಲ್ಲೂಕು ಕೇಂದ್ರದ ಸ್ಟುಡಿಯೊದವರು ಪ್ರತಿ ಬೇಸಿಗೆಯಲ್ಲೂ ಮಾಡುತ್ತಿದ್ದರು. ಅದನ್ನು ಹುಟ್ಟಿಸಿದ್ದು ಯಾವ ಕಲಾಸಿದ್ಧಾಂತವೂ ಅಲ್ಲ. ಮಧ್ಯಾಹ್ನವೆಲ್ಲ ಕೂತು ಹೆಣೆದ ಅಜ್ಜಿಗೆ ತನ್ನ ಕೈಕೆಲಸ ಕಾಣಬೇಕಿತ್ತು, ಮಗುವಿನ ತಾಯಿಗೆ ಮುಖ ಕಾಣಬೇಕಿತ್ತು. ಇಬ್ಬರ ಆಸೆಯನ್ನೂ ಬಿಡದೆ ತೀರಿಸಲು ಹೊರಟಾಗ ಹುಟ್ಟಿದ ಚಿತ್ರ ಅದು.

ಆ ಕಾಲದಲ್ಲಿ ನಮ್ಮಲ್ಲಿದ್ದದ್ದು ಎರಡು ಲೆನ್ಸಿನ ಯಾಶಿಕಾ. 120 ಎಂಬ ಅಳತೆಯ ಒಂದು ಫಿಲ್ಮ್ ರೋಲಿನಲ್ಲಿ ಚೌಕಾಕಾರದ 12 ಫೋಟೊ. ಈ ಕ್ಯಾಮೆರಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನಿಂದ ಗಾಜಿನೊಳಗೆ ನೋಡಬೇಕು. ಅಂದರೆ ಮುಂದೆ ಕೂತವರಿಗೆ ಕಾಣುವುದು ತಲೆ ಬಾಗಿಸಿ ನಿಂತ ಒಬ್ಬ ಮನುಷ್ಯ. ಫೋಕಸ್ ಮುಗಿದ ಮೇಲೆ ತಲೆ ಎತ್ತಿ, ಅವರ ಕಣ್ಣನ್ನೇ ನೋಡುತ್ತಾ, ಮಾತಾಡುತ್ತಾ ಬಟನ್ ಒತ್ತಬಹುದು. ಮುಂದೆ ಬಂದ ಕ್ಯಾಮೆರಾಗಳು ಫೋಟೊದವನ ಮುಖವನ್ನೇ ಮುಚ್ಚಿಬಿಟ್ಟವು. ಹಳ್ಳಿಯಿಂದ ಮೊದಲ ಸಲ ಸ್ಟುಡಿಯೊಗೆ ಬಂದ ಅಜ್ಜ ನಮ್ಮಪ್ಪನ ಮುಂದೆ ಅಷ್ಟು ನಿರಾಳವಾಗಿ ಕೂರುತ್ತಿದ್ದುದಕ್ಕೆ ಆ ಬಾಗಿದ ತಲೆಯೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಇವತ್ತಿಗೂ ನಾನು ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು ಪಕ್ಕಕ್ಕೆ ಬಂದು ನಿಲ್ಲುತ್ತೇನೆ, ಗಾಜಿನ ಹಿಂದೆ ಅಡಗುವುದಿಲ್ಲ.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೊಗೆ. ಅಲ್ಲಿ ಸೇಡೂ ಕೇಯ್ಟಾ ಎಂಬ ಸ್ಟುಡಿಯೊ ಫೋಟೊಗ್ರಾಫರ್ ಇದ್ದರು. ಹುಟ್ಟಿದ್ದು ಸುಮಾರು 1921ರಲ್ಲಿ. ಶಾಲೆಗೆ ಹೋದವರಲ್ಲ, ಮನೆಯ ಕಸುಬು ಬಡಗಿಯದು. 1935ರಲ್ಲಿ ಮನೆಯ ಹಿರಿಯರೊಬ್ಬರು ಸೆನೆಗಲ್‌ಗೆ ಹೋಗಿ ಬರುವಾಗ ಹುಡುಗನಿಗೆ ಕೊಡಾಕ್‌ನ ಚಿಕ್ಕ ಬ್ರೌನಿ ಕ್ಯಾಮೆರಾ ತಂದುಕೊಟ್ಟರು. ಮನೆಯವರನ್ನೇ ತೆಗೆಯುತ್ತಾ, ಊರಿನ ಇನ್ನೊಬ್ಬ ಫೋಟೊಗ್ರಾಫರ್ ಹತ್ತಿರ ಫಿಲ್ಮ್ ತೊಳೆಯುವುದು, ಪ್ರಿಂಟ್ ಹಾಕುವುದು ಕಲಿತು 1948ರಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಮಾಲಿ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು.

ಅವರ ಕೆಲಸದ ರೀತಿ ಕೇಳಿದರೆ ನಮ್ಮ ಊರಿನ ಕಥೆಯೇ ಕೇಳಿದ ಹಾಗಿರುತ್ತದೆ. ಹೆಚ್ಚಿನ ಫೋಟೊಗಳೆಲ್ಲ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ. ಹಿಂದಿನ ಪರದೆಗೆ ಮೊದಮೊದಲು ಬಳಸಿದ್ದು ತಮ್ಮದೇ ಹಾಸಿಗೆಯ ಹೊದಿಕೆ. ಕೆಲವು ವರ್ಷಕ್ಕೊಮ್ಮೆ ಪರದೆ ಬದಲಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ಯಾವ ನೆಗೆಟಿವ್ ಯಾವ ಕಾಲದ್ದು ಎಂದು ಹೇಳಲು ಆಧಾರವಾದದ್ದು ಆ ಬಟ್ಟೆಗಳೇ. ದೊಡ್ಡ ಕ್ಯಾಮೆರಾ, 13×18 ಸೆಂಟಿಮೀಟರಿನ ನೆಗೆಟಿವ್, ಅದೇ ಅಳತೆಯ ಪ್ರಿಂಟು. ಫಿಲ್ಮ್ ದುಬಾರಿ, ಹಾಗಾಗಿ ಒಂದೇ ಒಂದು ಸಲ ತೆಗೆಯುತ್ತಿದ್ದರು. ಕೂರಿಸುವುದು, ಭುಜ ತಿರುಗಿಸುವುದು, ಕೈ ಎಲ್ಲಿಡಬೇಕೆಂದು ತೋರಿಸುವುದು, ಇಷ್ಟೆಲ್ಲ ಮುಗಿದ ಮೇಲೆ ಒಂದು ಕ್ಲಿಕ್.

ಬಂದವರಿಗೆ ಬೇಕಾದ್ದೆಲ್ಲ ಅಲ್ಲಿತ್ತು: ಯುರೋಪಿನವರ ಥರದ ಸೂಟು, ಟೈ, ಕೈಗಡಿಯಾರ, ಪೆನ್ನು, ಪ್ಲಾಸ್ಟಿಕ್ ಹೂವು, ರೇಡಿಯೊ. ಮುಂದೆ ತಮ್ಮ ಪ್ಯೂಜೊ ಕಾರನ್ನೂ ಜನರ ಪಕ್ಕಕ್ಕೆ ತಂದು ನಿಲ್ಲಿಸಿದರು. ಅವರ ಒಂದು ಚಿತ್ರದಲ್ಲಿ ಎತ್ತರದ ಗಂಡಸು, ನೀಳ ಬಿಳಿ ನಿಲುವಂಗಿ, ಎರಡೂ ಕೈಯಲ್ಲಿ ಹಸುಗೂಸನ್ನು ಹಿಡಿದುಕೊಂಡಿದ್ದಾನೆ. ಇನ್ನೊಂದರಲ್ಲಿ ಕನ್ನಡಕ ಹಾಕಿದ ಯುವಕ ಒಂದೇ ಒಂದು ಹೂವನ್ನು ಮುಂದೆ ಚಾಚಿದ್ದಾನೆ. ಮತ್ತೊಂದರಲ್ಲಿ ಹೂವಿನ ಅಚ್ಚಿನ ಬಟ್ಟೆ ತೊಟ್ಟ ಹೆಂಗಸು ಒರಗಿ ಮಲಗಿದ್ದಾಳೆ, ಹಿಂದಿನ ಪರದೆಗೂ ಕೆಳಗಿನ ಹಾಸಿಗೂ ಬೇರೆ ಬೇರೆ ಅಚ್ಚು. ಅಚ್ಚಿನ ಮೇಲೆ ಅಚ್ಚು, ಅದರ ನಡುವೆ ಆ ಮುಖ ಎಷ್ಟು ಶಾಂತ! ನಾನು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದೇನೆ. ಚಿತ್ರದಲ್ಲಿ ಗಲಾಟೆ ಜಾಸ್ತಿಯಾದರೆ ಮುಖ ಕಳೆದುಹೋಗುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಕೂತವರಿಗೆ ತಮ್ಮ ಮೇಲೆ ಭರವಸೆ ಇದ್ದರೆ ಯಾವ ಗಲಾಟೆಯಲ್ಲೂ ಮುಖ ಕಳೆದುಹೋಗುವುದಿಲ್ಲ ಎಂದು ಕಲಿತದ್ದು ಕೇಯ್ಟಾ ಅವರಿಂದ. ಅದಾದ ಮೇಲೆ ಇಳಕಲ್ ಸೀರೆ ಉಟ್ಟು ಬಂದ ಅಜ್ಜಿಯನ್ನು ಬೂದು ಪರದೆಯ ಮುಂದೆ ಕೂರಿಸುವುದನ್ನು ನಾನು ಬಿಟ್ಟೆ. ಅವರ ಮನೆಯ ಹೂಬಳ್ಳಿ ಬರೆದ ಗೋಡೆಯ ಮುಂದೆಯೇ ಕೂರಿಸುತ್ತೇನೆ.

ಮಾಲಿ 1960ರಲ್ಲಿ ಸ್ವತಂತ್ರವಾಯಿತು. ಎರಡು ವರ್ಷದ ಮೇಲೆ ಕೇಯ್ಟಾ ಸರ್ಕಾರದ ಫೋಟೊಗ್ರಾಫರ್ ಆದರು, ಸ್ಟುಡಿಯೊ ಮುಚ್ಚಿತು. ಆದರೆ ಸಾವಿರಾರು ನೆಗೆಟಿವ್‌ಗಳನ್ನು ಜೋಪಾನವಾಗಿ ಇಟ್ಟಿದ್ದರು. 1991ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಅವರ ಚಿತ್ರಗಳನ್ನು ತೂಗುಹಾಕಿದರು, ಹೆಸರೇ ಇಲ್ಲದೆ. ಬಮಾಕೊದ ಯಾರೋ ಅಜ್ಞಾತ ಛಾಯಾಗ್ರಾಹಕ ಎಂದಷ್ಟೇ. ಆ ಚಿತ್ರಗಳನ್ನು ಕಂಡವರ ಕಡೆಯಿಂದ ಆಂದ್ರೆ ಮಾನ್ಯಾನ್ ಎಂಬ ಫ್ರೆಂಚ್ ಕಲಾ ಸಂಯೋಜಕರು ಬಮಾಕೊಗೆ ಹುಡುಕಿಕೊಂಡು ಹೋದರು. ಅಜ್ಞಾತ ಎಂದರಲ್ಲ, ಊರಲ್ಲಿ ಆ ಮನುಷ್ಯ ಎಲ್ಲರಿಗೂ ಗೊತ್ತಿದ್ದವರು! 1994ರಲ್ಲಿ ಪ್ಯಾರಿಸ್ಸಿನ ಕಾರ್ಟಿಯೇ ಫೌಂಡೇಶನ್‌ನಲ್ಲಿ ಅವರದೇ ಪ್ರದರ್ಶನ ಆಯಿತು. 2001ರಲ್ಲಿ ತೀರಿಕೊಂಡರು.

ಅಂಗೈಯಲ್ಲಿ ಹಿಡಿದು ನೋಡಲೆಂದು ಮಾಡಿದ ಪ್ರಿಂಟುಗಳನ್ನು ಗ್ಯಾಲರಿಯವರು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು. ಅದರಿಂದ ಜಗತ್ತಿಗೆ ಅವರು ಗೊತ್ತಾದರು, ಸಂತೋಷ. ಆದರೂ ನನ್ನ ಮನಸ್ಸು ಆ ಚಿಕ್ಕ ಪ್ರಿಂಟಿನ ಕಡೆಗೇ ಹೋಗುತ್ತದೆ. ಕುಟುಂಬದ ಫೋಟೊ ಕೈಯಿಂದ ಕೈಗೆ ದಾಟಬೇಕು. ಚಿಕ್ಕಮ್ಮ ನೋಡಿ ಅತ್ತಿಗೆಗೆ ಕೊಡಬೇಕು, ಅತ್ತಿಗೆ ಕನ್ನಡಕ ಹುಡುಕಿ ಹಾಕಿಕೊಂಡು ನೋಡಬೇಕು.

ನಮ್ಮಲ್ಲೂ ರೇಡಿಯೊ ಇತ್ತು, ಬರೀ ತೋರಿಕೆಗೆ ಇಟ್ಟ, ವೈರ್ ಇಲ್ಲದ ಫೋನ್ ಇತ್ತು, ಮೆಟ್ಟಿಲು ಮತ್ತು ಉದ್ಯಾನ ಬರೆದ ಪರದೆ ಇತ್ತು. ತುಮಕೂರಿನಲ್ಲಿ ಎಚ್.ಎಂ.ಟಿ. ವಾಚಿನ ಕಾರ್ಖಾನೆ ಇದ್ದ ಕಾಲ. ನಮ್ಮ ಕಡೆ ಗಂಡಸರ ಫೋಟೊ ನೋಡಿ, ಎಡಗೈ ತೊಡೆಯ ಮೇಲೆ, ತೋಳು ಒಂದಿಷ್ಟು ಮೇಲಕ್ಕೆ, ವಾಚು ಕಾಣಲೇಬೇಕು. ಕೊಬ್ಬರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಇದ್ದ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ರೈತ ಆ ವಾಚನ್ನು ತೋರಿಸಲು ಬಯಸಿದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅದು ಅವನ ದುಡಿಮೆ. ಆ ವಾಚಿನ ಗಾಜಿನ ಮೇಲೆ ಬೆಳಕು ಹೊಳೆಯದಂತೆ, ಮುಳ್ಳುಗಳು ಕಾಣುವಂತೆ ಕೈ ತಿರುಗಿಸಿ ಕೂರಿಸುವುದು ನಮ್ಮಪ್ಪನ ಕೆಲಸವಾಗಿತ್ತು. ಅದನ್ನು ಅವರು ಎಂದೂ ಸಣ್ಣ ಕೆಲಸ ಎಂದುಕೊಳ್ಳಲಿಲ್ಲ.

ಈಗ ಗ್ರೂಪ್ ಫೋಟೊಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ನಮ್ಮ ಕಸುಬಿನ ಅತಿ ಕಷ್ಟದ ಕೆಲಸ ಇದೇ. ಲೈಟು, ಲೆನ್ಸು ಎಲ್ಲ ಕಲಿಯಬಹುದು. ಯಾರು ಎಲ್ಲಿ ಕೂರಬೇಕು ಎಂಬುದನ್ನು ಕಲಿಯಲು ಒಂದು ಆಯುಷ್ಯ ಬೇಕು. ಹಿರಿಯರು ಕುರ್ಚಿಯಲ್ಲಿ ನಡುವೆ. ಅಳಿಯನಿಗೆ ಕುರ್ಚಿ ತಪ್ಪಿದರೆ ಆ ಮನೆಯಲ್ಲಿ ಒಂದು ವರ್ಷ ಮಾತು. ಸೊಸೆಯಂದಿರು ಹಿಂದೆ, ಮಕ್ಕಳು ಜಮಖಾನೆಯ ಮೇಲೆ. ಸೊಸೆ ಅತ್ತೆಯ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಳೋ, ಕೈ ಹಿಂದಕ್ಕೆ ಕಟ್ಟಿದಳೋ ಎಂಬುದನ್ನು ನೋಡಿದರೆ ಆ ಮನೆಯ ಅರ್ಧ ಕಥೆ ತಿಳಿಯುತ್ತದೆ. ನಾನು ಮುಖಕ್ಕಿಂತ ಮೊದಲು ಕೈಗಳನ್ನು ನೋಡುತ್ತೇನೆ. ನಗು ಎಂದರೆ ಎಲ್ಲರೂ ನಗುತ್ತಾರೆ, ಕೈಗೆ ಹಾಗೆ ಹೇಳಿಕೊಡಲು ಆಗುವುದಿಲ್ಲ.

ಪ್ರತಿ ದೊಡ್ಡ ಮನೆಯಲ್ಲೂ ಒಬ್ಬರು ಇರುತ್ತಾರೆ. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆಯೋ ದೊಡ್ಡಮ್ಮನೋ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಬೆಳಗಿನ ಜಾವದಿಂದ ದುಡಿದವರು ಅವರೇ. ಗ್ರೂಪ್ ಫೋಟೊಗೆ ಎಲ್ಲರೂ ಸೇರುವ ಹೊತ್ತಿಗೆ ಅಡುಗೆಮನೆ ಸೇರಿಬಿಡುತ್ತಾರೆ. ಕರೆದರೆ, "ನಾನ್ಯಾಕಪ್ಪ ಒಳ್ಳೇ ಕೆಲ್ಸದಲ್ಲಿ, ನೀವ್ ತೆಕ್ಕಳಿ" ಎನ್ನುತ್ತಾರೆ. ಮನೆಯವರೂ ಒಂದು ಸಲ ಕರೆದು ಸುಮ್ಮನಾಗುತ್ತಾರೆ. ಆಗ ನಮ್ಮಪ್ಪ ಮಾಡುತ್ತಿದ್ದುದನ್ನೇ ನಾನು ಮಾಡುತ್ತೇನೆ. "ಅಮ್ಮಾ, ಈ ಕಡೆ ಸಾಲು ಖಾಲಿ ಕಾಣ್ತಾ ಐತೆ, ಫೋಟೊ ಒಂದು ಕಡೆ ವಾಲುತ್ತೆ. ಬಂದು ನಿಂತ್ಕಳಿ" ಎಂದು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಫೋಟೊದವನು ಹೇಳಿದ ಮೇಲೆ ಅದು ಶಾಸ್ತ್ರದ ಮಾತಲ್ಲ, ಕೆಲಸದ ಮಾತು. ಯಾರೂ ಎದುರಾಡುವುದಿಲ್ಲ. ಅವರು ಸೆರಗು ಸರಿಮಾಡಿಕೊಂಡು ಎರಡನೇ ಸಾಲಿನ ಕೊನೆಯಲ್ಲಿ ಬಂದು ನಿಲ್ಲುತ್ತಾರೆ. ಛಾಯಾಗ್ರಹಣದ ಪುಸ್ತಕಗಳಲ್ಲಿ ಚಿತ್ರದ ಸಮತೋಲದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಗೊತ್ತಿರುವ ಸಮತೋಲ ಇದು.

ಇದಕ್ಕೆ ಇನ್ನೊಂದು ಮುಖವಿದೆ. ಸ್ಟುಡಿಯೊಗೆ ವರ್ಷಕ್ಕೆ ಹಲವಾರು ಸಲ ಇಂಥ ಕೋರಿಕೆ ಬರುತ್ತದೆ: ಹಳೆಯ ಗ್ರೂಪ್ ಫೋಟೊ ತಂದು, ಬೆರಳಿಟ್ಟು ತೋರಿಸಿ, "ಇವರೊಬ್ಬರದ್ದೇ ದೊಡ್ಡದಾಗಿ ಬೇಕು" ಎನ್ನುತ್ತಾರೆ. ಯಾಕೆ ಎಂದು ನಾವು ಕೇಳುವುದಿಲ್ಲ. ಹನ್ನೊಂದನೇ ದಿನಕ್ಕೆ ಹಾರ ಹಾಕಲು ಫೋಟೊ ಬೇಕು, ಮನೆಯಲ್ಲಿ ಅವರ ಬೇರೆ ಫೋಟೊ ಇಲ್ಲ. ಬೆರಳು ಹೋಗುವುದು ಬಹಳ ಸಲ ಹೀಗೆ ಅಂಚಿನಲ್ಲಿ ನಿಂತವರ ಮೇಲೆಯೇ. ನಡುವಿನ ಕುರ್ಚಿಯವರಿಗೆ ಬೇರೆ ಫೋಟೊಗಳಿರುತ್ತವೆ. ಅಂಚಿನ ಮುಖ ಚುರುಕಾಗಿ ಬಂದಿದೆಯೇ, ಮುಂದಿನವರ ತಲೆ ಗಲ್ಲವನ್ನು ಮುಚ್ಚಿದೆಯೇ, ಮಾಡಿನ ನೆರಳು ಕಣ್ಣಿನ ಮೇಲೆ ಬಿದ್ದಿದೆಯೇ ಎಂಬುದೆಲ್ಲ ಆಗ ಗೊತ್ತಾಗುತ್ತದೆ. ಅದಕ್ಕೇ ನಾನು ಗುಂಪಿನ ಸಾಲನ್ನು ನೇರವಾಗಿ ನಿಲ್ಲಿಸದೆ ಎರಡೂ ತುದಿಯನ್ನು ಸ್ವಲ್ಪ ಒಳಕ್ಕೆ ಬಾಗಿಸುತ್ತೇನೆ, ಅಂಚಿನವರೂ ಕ್ಯಾಮೆರಾಕ್ಕೆ ನಡುವಿನವರಷ್ಟೇ ದೂರದಲ್ಲಿರಲಿ ಎಂದು. ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಿ ಎಫ್/8 ಅಥವಾ ಎಫ್/11ಕ್ಕೆ ಇಡುತ್ತೇನೆ. ಅಗಲದ ಲೆನ್ಸ್ ಬಳಸುವುದಿಲ್ಲ, ಅದು ತುದಿಯ ಮುಖಗಳನ್ನು ಎಳೆದು ಅಗಲ ಮಾಡುತ್ತದೆ. ಎಲ್ಲರೂ ಹಿಡಿಸದಿದ್ದರೆ ನಾನು ಹಿಂದಕ್ಕೆ ಹೋಗುತ್ತೇನೆ, ಬೇಕಾದರೆ ರಸ್ತೆಗೆ ಇಳಿಯುತ್ತೇನೆ. ಆ ಗುಂಪಿನಲ್ಲಿರುವ ಯಾವ ಮುಖ ಬೇಕಾದರೂ ಮುಂದೊಂದು ದಿನ ಒಂಟಿಯಾಗಿ ಗೋಡೆಯ ಮೇಲೆ ಇರಬೇಕಾಗಬಹುದು. ಗ್ರೂಪ್ ಫೋಟೊ ಎಂದರೆ ನನಗೆ ಒಟ್ಟಿಗೆ ತೆಗೆದ ಇಪ್ಪತ್ತು ಒಂಟಿ ಫೋಟೊ.

ಮಾತಿನ ನಡುವೆ ಟಚಿಂಗ್, ಅಂದರೆ ತೆಗೆದ ಫೋಟೊವನ್ನು ತಿದ್ದುವ ವಿಷಯವನ್ನೂ ಹೇಳಿಬಿಡುತ್ತೇನೆ, ಯುವಕರು ಕೇಳಿದ್ದರು. ನೆಗೆಟಿವ್ ಕಾಲದಲ್ಲಿ ಬಹಳ ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೇ ಸಣ್ಣ ಚುಕ್ಕೆಗಳನ್ನು ತುಂಬುತ್ತಿದ್ದರು. ಅಲ್ಲಿ ತುಂಬಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಮೊಡವೆ ಹೋಗುತ್ತಿತ್ತು, ಕಣ್ಣ ಕೆಳಗಿನ ಕಪ್ಪು ಹೋಗುತ್ತಿತ್ತು. ನಮ್ಮಪ್ಪನ ನಿಯಮ ಸರಳ. ಮುಂದಿನ ತಿಂಗಳು ತಾನಾಗಿ ಹೋಗುವುದನ್ನು ಅಳಿಸಬಹುದು, ಹೋಗದೇ ಇರುವುದನ್ನು ಮುಟ್ಟಬಾರದು. ಮೊಡವೆ ಅಳಿಸಿ, ಮಚ್ಚೆ ಬಿಡಿ. ನಿದ್ದೆಗೆಟ್ಟ ಕಣ್ಣು ಸರಿಮಾಡಿ, ಸುಕ್ಕು ಬಿಡಿ. ಗಂಡಿನ ಕಡೆಯವರಿಗೆ ತೋರಿಸುವ ಫೋಟೊದಲ್ಲಿ ಹುಡುಗಿಯನ್ನು ಬೆಳ್ಳಗೆ ಮಾಡಿಕೊಡಿ ಎಂದು ಈಗಲೂ ಕೇಳುತ್ತಾರೆ. ನಾನು ಮಾಡುವುದಿಲ್ಲ. ಅವಳ ಬಣ್ಣಕ್ಕೆ ಒಪ್ಪುವ ಬೆಳಕು ಹುಡುಕಲು ಅರ್ಧ ಗಂಟೆ ಕೊಡುತ್ತೇನೆ. ಸಂಜೆ ಪಶ್ಚಿಮದ ಕಿಟಕಿಗೆ ಬಿಳಿ ಪಂಚೆ ಕಟ್ಟಿ ಕೂರಿಸಿದರೆ ಕಪ್ಪು ಬಣ್ಣದ ಮುಖದ ಮೇಲೆ ಬರುವ ಹೊಳಪನ್ನು ಯಾವ ಸಾಫ್ಟ್‌ವೇರೂ ತರಲಾರದು.

ಸ್ವಂತ ಮನೆಯವರನ್ನು ತೆಗೆಯುವುದು ಬೇರೆಯೇ ಸಾಧನೆ. ಅದರಲ್ಲಿ ನಾನು ತುಂಬ ಗೌರವಿಸುವವರು ಉಮ್ರಾವ್ ಸಿಂಗ್ ಶೇರ್‌ಗಿಲ್. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. 1870ರಲ್ಲಿ ಹುಟ್ಟಿ 1954ರವರೆಗೆ ಬದುಕಿದ್ದ ಸಂಸ್ಕೃತ ವಿದ್ವಾಂಸರು. ಹೆಂಡತಿ ಹಂಗೇರಿಯವರು, ಸಂಗೀತ ಬಲ್ಲವರು. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್ ಎಂದು ಆ ಸಂಸಾರ ಎಲ್ಲಿ ಹೋದರೂ ಇವರ ಕ್ಯಾಮೆರಾ ಜೊತೆಗಿತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮತ್ತೆ ತಮ್ಮದೇ ಚಿತ್ರಗಳು. ಹಣಕ್ಕಾಗಿ ಅಲ್ಲ, ಪ್ರದರ್ಶನಕ್ಕಾಗಿ ಅಲ್ಲ. ಅಮೃತಾ ಮಗುವಾಗಿದ್ದಾಗಿನಿಂದ ಬೆಳೆದು ದೊಡ್ಡ ಕಲಾವಿದೆ ಆಗುವವರೆಗೆ ಆ ತಂದೆಯ ಕಣ್ಣು ಅವಳನ್ನು ನೋಡುತ್ತಲೇ ಇತ್ತು. ಅವಳು 1941ರಲ್ಲಿ, ಇನ್ನೂ 28 ವರ್ಷಕ್ಕೆ, ಲಾಹೋರಿನಲ್ಲಿ ತೀರಿಕೊಂಡಳು. ಆಮೇಲೆ ಮೊಮ್ಮಗ, ಕಲಾವಿದ ವಿವಾನ್ ಸುಂದರಂ, ಅಜ್ಜ ತೆಗೆದ ಫೋಟೊಗಳನ್ನೇ ಕಂಪ್ಯೂಟರಿನಲ್ಲಿ ಬೆಸೆದು, ಬೇರೆ ಬೇರೆ ಕಾಲದ ಮನೆಯವರನ್ನು ಒಂದೇ ಕೋಣೆಗೆ ತಂದು ಹೊಸ ಚಿತ್ರಮಾಲೆ ಮಾಡಿದರು. ಅಜ್ಜ ತೆಗೆದು ಇಟ್ಟಿದ್ದು ಮೊಮ್ಮಗನ ಕೈಯಲ್ಲಿ ಇನ್ನೊಂದು ಕಲಾಕೃತಿಯಾಯಿತು.

ಉಮ್ರಾವ್ ಸಿಂಗ್ ಅವರ ಚಿತ್ರಗಳಲ್ಲಿ ನನಗೆ ಹಿಡಿಸುವುದು ಆ ಸಲುಗೆಯ ಜೊತೆಗೇ ಇರುವ ಗಾಂಭೀರ್ಯ. ಮನೆಯವರೇ ತಾನೇ ಎಂದು ಉದಾಸೀನ ಇಲ್ಲ. ಹೆಣ್ಣುಮಕ್ಕಳು ಅಲಂಕರಿಸಿಕೊಂಡು ಬಂದು ಕೂರುತ್ತಾರೆ, ತಂದೆ ಅವರನ್ನು ಅತಿಥಿಗಳ ಹಾಗೆ ನೋಡುತ್ತಾರೆ. ನೀವು ನಿಮ್ಮ ತಾಯಿಯ ಫೋಟೊ ತೆಗೆಯುವಾಗ ಹೀಗೆ ಒಂದು ಸಲ ಮಾಡಿ ನೋಡಿ. ಮೊದಲೇ ಹೇಳಿ, ಭಾನುವಾರ ಬೆಳಿಗ್ಗೆ ನಿನ್ನ ಫೋಟೊ ತೆಗೀತೀನಿ ಎಂದು. ಯಾವ ಸೀರೆ ಎಂದು ಅವರೇ ಆರಿಸಲಿ. ಎಲ್ಲಿ ಕೂರಬೇಕು ಎಂದು ಅವರನ್ನೇ ಕೇಳಿ. ಹಸುವಿನ ಪಕ್ಕ ಎನ್ನಬಹುದು, ದೇವರ ಮನೆ ಬಾಗಿಲು ಎನ್ನಬಹುದು. ಅವರಿಗೆ ತಿಳಿಯದ ಹಾಗೆ ಅಡುಗೆಮನೆಯ ಹೊಗೆಯಲ್ಲಿ ತೆಗೆದ ಫೋಟೊಗೆ ಈಗ ಬೇಡಿಕೆ ಜಾಸ್ತಿ, ಸಹಜವಾಗಿ ಬಂದಿದೆ ಎಂದು ಹೊಗಳುತ್ತಾರೆ. ಅಂಥ ಒಳ್ಳೆಯ ಚಿತ್ರಗಳನ್ನೂ ನಾನು ಕಂಡಿದ್ದೇನೆ. ಆದರೆ ಅದೊಂದೇ ಸತ್ಯ, ಸಿದ್ಧವಾಗಿ ಬಂದು ಕೂತದ್ದು ಸುಳ್ಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ಕೂತ ತಾಯಿಯೂ ನಿಜವಾದ ತಾಯಿಯೇ. ಅವರು ತಮ್ಮನ್ನು ನೆನಪಿಡಿ ಎಂದು ಕೇಳುತ್ತಿರುವುದು ಹಾಗೆ.

ಕೊನೆಗೆ ನೆಗೆಟಿವ್‌ಗಳ ವಿಷಯ. ಇದನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಹಳೆಯ ಸ್ಟುಡಿಯೊಗಳು ಮುಚ್ಚುತ್ತಿವೆ. ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ, ಕಟ್ಟಡ ಮಾರಾಟವಾಗುತ್ತದೆ, ನೆಗೆಟಿವ್ ಡಬ್ಬಗಳು ಗುಜರಿಗೆ ಹೋಗುತ್ತವೆ. ತಮಿಳುನಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹಳೆಯ ಸ್ಟುಡಿಯೊಗಳ ಚಿತ್ರಗಳನ್ನು ಹುಡುಕಿ ಡಿಜಿಟಲ್ ಮಾಡಿದ್ದಾರೆ. ಮನೆಮನೆಯ ಹಳೆಯ ಫೋಟೊಗಳನ್ನು ಅವುಗಳ ಕಥೆಯ ಸಮೇತ ಸಂಗ್ರಹಿಸುವ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ 2010ರಿಂದ ನಡೆಯುತ್ತಿದೆ. ಕರ್ನಾಟಕದ ಊರೂರಿನ ಸ್ಟುಡಿಯೊಗಳಿಗೂ ಇಂಥ ಕೆಲಸ ಆಗಬೇಕು, ಅದೂ ಬೇಗ ಆಗಬೇಕು. ಮಲೆನಾಡು, ಕರಾವಳಿಯ ತೇವಕ್ಕೆ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಡಬ್ಬ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮ್ ಆಗಲೇ ಕೆಡಲು ಶುರುವಾಗಿದೆ ಎಂದು ಅರ್ಥ. ಅದನ್ನು ಬೇರೆ ಫಿಲ್ಮ್‌ಗಳಿಂದ ದೂರ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕಿ, ಒಣಗಿದ ತಂಪು ಜಾಗದಲ್ಲಿ ಇಡಿ.

ನೆಗೆಟಿವ್ ಜೊತೆಗೆ ಸ್ಟುಡಿಯೊದ ರಿಜಿಸ್ಟರ್ ಇದ್ದರೆ ಅದನ್ನು ಖಂಡಿತ ಉಳಿಸಿಕೊಳ್ಳಿ. ನಂಬರು, ತಾರೀಖು, ಊರು, ಎಷ್ಟು ಕಾಪಿ, ಎಷ್ಟು ಮುಂಗಡ, ಎಲ್ಲ ಅದರಲ್ಲಿರುತ್ತದೆ. ರಿಜಿಸ್ಟರ್ ಹೋದರೆ ನೆಗೆಟಿವ್‌ನಲ್ಲಿರುವವರು ಯಾರು ಎಂದು ಹೇಳಲು ಯಾರೂ ಇರುವುದಿಲ್ಲ. ಮನೆಯಲ್ಲಿ ಹಳೆಯ ಗ್ರೂಪ್ ಫೋಟೊ ಇರುವವರು ಈ ವಾರವೇ ಅದನ್ನು ಹಿರಿಯರ ಮುಂದೆ ಇಟ್ಟು ಹೆಸರು ಕೇಳಿ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಬೇರೆ ಹಾಳೆಯಲ್ಲಿ ಬರೆದು ಫೋಟೊ ಜೊತೆಗೆ ಇಡಿ. ಫೋಟೊದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ನಡುವೆ ಕೂತವರ ಹೆಸರು ಎಲ್ಲರಿಗೂ ನೆನಪಿರುತ್ತದೆ, ಆದ್ದರಿಂದ ತುದಿಯಲ್ಲಿ ನಿಂತವರಿಂದ ಕೇಳಲು ಶುರು ಮಾಡಿ.